ಅದಲ್ಲ, ಇನ್ನೊಂದು ಕೈ

ನಮ್ಮ ಮನೆಯಲ್ಲಿ ಅಕ್ಕಿ ಅಳೆಯಲು ಸೇರು, ಪಾವು, ಲೋಟ ಯಾವುದೂ ಇರಲಿಲ್ಲ. ರಿಯಾದಿನ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ, ಅಡುಗೆಮನೆಗೂ ಮಲಗುವ ಕೋಣೆಗೂ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಕುಚ್ಚಲಕ್ಕಿಯ ಚೀಲ ಗೋಡೆಗೊರಗಿ ಕೂತಿರುತ್ತಿತ್ತು. ಬೆಳಿಗ್ಗೆ ಉಮ್ಮ ಅದರ ಬಾಯಿ ಬಿಚ್ಚಿ, ಪಾತ್ರೆ ಇಟ್ಟುಕೊಂಡು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಅಬ್ಬ, ನಾನು, ತಮ್ಮ ಹನೀಫ ಒಬ್ಬೊಬ್ಬರಾಗಿ ಬಂದು, ಎರಡೂ ಕೈಗಳನ್ನು ಚೀಲದೊಳಗಿಳಿಸಿ, ನಮ್ಮ ನಮ್ಮ ಬೊಗಸೆ ಅಕ್ಕಿಯನ್ನು ಪಾತ್ರೆಗೆ ಹಾಕಬೇಕು. ಕೊನೆಗೆ ಅವಳದು. ಯಾರ ಹೊಟ್ಟೆ ಎಷ್ಟು ಕೇಳುತ್ತದೆಂದು ಅವರವರ ಕೈಗೆ ಗೊತ್ತಿರುತ್ತದೆ ಎನ್ನುವುದು ಅವಳ ಲೆಕ್ಕ. ಉಳ್ಳಾಲದ ತವರಿನಿಂದ ಅವಳು ಹೊತ್ತು ತಂದ ಪದ್ಧತಿ ಇದು. ಅಬ್ಬ ಒಮ್ಮೆ ಅವಸರದಲ್ಲಿ ಬೊಗಸೆ ಹಾಕದೆ ಬಸ್ಸಿಗೆ ಓಡಿದ್ದರು, ಮನೆಗೆ ಬಂದಾಗ ಅವರಿಗೆ ಸಿಕ್ಕಿದ್ದು ಅಂಗಡಿಯ ಖುಬ್ಬೂಸ್ ರೊಟ್ಟಿ ಮಾತ್ರ. ಉಮ್ಮ ತಮಾಷೆಗೆ ಹಾಗೆ ಮಾಡಿದ್ದಲ್ಲ. ಅವಳ ಪ್ರಕಾರ ಅಂದು ಅಬ್ಬನ ಅನ್ನವೇ ಬೆಂದಿರಲಿಲ್ಲ.

ನನಗೆ ಆ ಚೀಲದ ಮೇಲೆ ಅಕ್ಕರೆ ಇದ್ದದ್ದಕ್ಕೆ ಬೇರೆಯೇ ಕಾರಣವಿತ್ತು. ನಾನು ಹುಟ್ಟಾ ಎಡಚಿ. ತುತ್ತು ಎತ್ತುವಾಗ, ಪೆನ್ಸಿಲ್ ಹಿಡಿಯುವಾಗ, ಯಾರಾದರೂ ಮಿಠಾಯಿ ಕೊಟ್ಟಾಗ, ನನ್ನ ಎಡಗೈ ನನ್ನನ್ನು ಕೇಳದೆಯೇ ಮುಂದೆ ಹೋಗುತ್ತಿತ್ತು. ಉಮ್ಮ ಎಲ್ಲೇ ಇರಲಿ, ಒಲೆಯ ಮುಂದಿರಲಿ, ತಾರಸಿಯ ಮೇಲೆ ಬಟ್ಟೆ ಹರವುತ್ತಿರಲಿ, ಅವಳ ಬಾಯಿಂದ ಒಂದೇ ಮಾತು ಬರುತ್ತಿತ್ತು.

“ಅದಲ್ಲ, ಇನ್ನೊಂದು.”

ದಿನಕ್ಕೆ ಎಷ್ಟು ಸಲವೋ. ಊಟಕ್ಕೆ ಕೂತಾಗಲಂತೂ ಎಡಗೈಯನ್ನು ತೊಡೆಯ ಕೆಳಗಿಟ್ಟು ಅದರ ಮೇಲೆ ಕೂರಬೇಕಿತ್ತು. ಊಟ ಮುಗಿಯುವ ಹೊತ್ತಿಗೆ ಆ ಕೈ ಜೋಮು ಹಿಡಿದು, ಯಾರದೋ ಕೈಯನ್ನು ನನ್ನ ಭುಜಕ್ಕೆ ಹೊಲಿದ ಹಾಗಿರುತ್ತಿತ್ತು. ಬಲಗೈಯೋ ಅನ್ನವನ್ನು ಬಾಯಿಗಿಂತ ಹೆಚ್ಚು ಗಲ್ಲಕ್ಕೆ ತಿನ್ನಿಸುತ್ತಿತ್ತು. ಎರಡೇ ಎರಡು ಕಡೆ ಮಾತ್ರ ನನ್ನ ಎಡಗೈಗೆ ಮರ್ಯಾದೆ ಇತ್ತು. ಒಂದು, ನಮಾಝಿನ ನಂತರ ದುಆಕ್ಕೆ ಎರಡೂ ಕೈ ಎತ್ತುವಾಗ. ಇನ್ನೊಂದು ಅಕ್ಕಿಯ ಚೀಲದ ಮುಂದೆ. ಬೊಗಸೆಗೆ ಎರಡೂ ಕೈ ಬೇಕಲ್ಲ, ಅಲ್ಲಿ ಯಾರೂ ಅದನ್ನು ಹಿಂದೆ ತಳ್ಳುವಂತಿರಲಿಲ್ಲ.

ಮಧ್ಯಾಹ್ನ ಉಮ್ಮ ದೊಡ್ಡ ತಟ್ಟೆಯಲ್ಲಿ ಅನ್ನಕ್ಕೆ ಬಂಗುಡೆ ಸಾರು ಕಲಸಿ, ಮುಳ್ಳು ತೆಗೆದು, ನನಗೂ ಹನೀಫನಿಗೂ ಸರದಿಯ ಮೇಲೆ ಕೈತುತ್ತು ಕೊಡುತ್ತಿದ್ದಳು. ಅವಳ ಬೆರಳುಗಳಲ್ಲಿ ಹುಣಸೆಯ, ಮೆಂತ್ಯದ, ತೊಳೆದರೂ ಹೋಗದ ಮೀನಿನ ವಾಸನೆ ಇರುತ್ತಿತ್ತು. ಆ ತಟ್ಟೆಯ ಮುಂದೆ ಕೂತಷ್ಟು ಹೊತ್ತು ನನಗೆ ಕೈಯೇ ಬೇಡವಾಗಿತ್ತು. ಎಡವೂ ಬೇಡ, ಬಲವೂ ಬೇಡ. ಬಾಯಿ ತೆರೆದರೆ ಸಾಕು. ನನಗೆ ಎಂಟು ತುಂಬಿದ ವಾರ ಉಮ್ಮ ನನ್ನ ಮುಂದೆ ಬೇರೆ ತಟ್ಟೆ ಇಟ್ಟಳು.

“ದೊಡ್ಡವಳಾದೆ. ಇನ್ನು ನಿನ್ನ ಕೈಯಲ್ಲೇ ಉಣ್ಣು. ಕೈಯಿಂದ ಬಾಯಿಗೆ ದಾರಿ ಗೊತ್ತಾಗ್ಬೇಕಲ್ಲ ಮಾರಾಯ್ತಿ.”

ಆ ಜಾಗ ಸ್ವಲ್ಪ ದಿನವಾದರೂ ಖಾಲಿ ಇದ್ದಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆನೇನೋ. ಅದೇ ವಾರ ಅಲ್ಲಿಗೆ ಐಲಾ ಬಂದು ಕೂತಳು.

ಅಬ್ಬ ಆಸ್ಪತ್ರೆಯೊಂದರ ನರ್ಸುಗಳನ್ನು ಕರೆದೊಯ್ಯುವ ಕಂಪನಿ ಬಸ್ಸಿನ ಚಾಲಕರಾಗಿದ್ದರು. ಆ ಬಸ್ಸಿನಲ್ಲಿ ಬರುತ್ತಿದ್ದವರಲ್ಲಿ ಮೋರಗ್ ಸಿಸ್ಟರ್ ಒಬ್ಬರು. ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯ ಮೀನುಗಾರರ ಊರಿನವರು, ಗಂಡನಿಂದ ಬೇರೆಯಾಗಿ ಮಗಳೊಬ್ಬಳನ್ನೇ ಕಟ್ಟಿಕೊಂಡು ಬಂದಿದ್ದರು. ಮಗುವನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಊರಿಗೆ ಹೋದಳೆಂದು ಸಿಸ್ಟರ್ ಬಸ್ಸಿನಲ್ಲಿ ಕಣ್ಣೀರು ಹಾಕಿದ್ದನ್ನು ಕನ್ನಡಿಯಲ್ಲಿ ಕಂಡ ಅಬ್ಬ, ಯಾರನ್ನೂ ಕೇಳದೆ ಮಾತು ಕೊಟ್ಟುಬಿಟ್ಟರು. ಹಗಲು ಹೊತ್ತು ನಮ್ಮ ಮನೆಯಲ್ಲಿ ಬಿಡಿ, ನನ್ನ ಹೆಂಡತಿ ಇದ್ದಾಳೆ ಎಂದು. ಮನೆಗೆ ಬಂದು ಉಮ್ಮನಿಗೆ ಸುದ್ದಿ ಹೇಳಿದ ಬಗೆ ಹೀಗಿತ್ತು. ನಾವು ಮನೆಯಲ್ಲಿ ಆಡುತ್ತಿದ್ದದ್ದು ಕನ್ನಡ ಧಾರಾಳವಾಗಿ ಬೆರೆತ ಬ್ಯಾರಿ. ಇಲ್ಲಿ ಎಲ್ಲರ ಮಾತನ್ನೂ ಕನ್ನಡಕ್ಕೇ ತಂದುಕೊಂಡಿದ್ದೇನೆ.

“ನಫೀಸಾ, ನಾಳೆಯಿಂದ ಒಂದು ಮಗು ಬರ್ತದೆ. ಸಿಸ್ಟರ್‌ನ ಮಗಳು.”

“ನನಗೆ ಅವರ ಭಾಷೆ ಬರ್ಬೇಕಲ್ಲ? ಮಗು ನೀರು ಕೇಳಿದ್ರೆ ನಾನು ಎಂತ ಕೊಡುದು?”

“ನಮ್ಮ ಮೈಮು ಉಂಟಲ್ಲ! ಅವಳಿಗೆ ಇಂಗ್ಲಿಷ್ ಅಂದ್ರೆ ನೀರು ಕುಡಿದ ಹಾಗೆ. ನಾನು ಸಿಸ್ಟರ್ ಹತ್ರ ಹೇಳಿಯೇ ಬಂದೆ.”

ಮೈಮು ಎಂದರೆ ನಾನು, ಮೈಮೂನಾ. ಆ ರಾತ್ರಿಯ ಊಟದಲ್ಲಿ ಬಲಗೈ ಗಲ್ಲಕ್ಕೆ ಅನ್ನ ಮೆತ್ತಿದ್ದೂ ನನಗೆ ಗೊತ್ತಾಗಲಿಲ್ಲ, ಅಷ್ಟು ಉಬ್ಬಿದ್ದೆ. ಇಂಡಿಯನ್ ಸ್ಕೂಲಿನಲ್ಲಿ ಇಂಗ್ಲಿಷ್ ಪದ್ಯ ಬಾಯಿಪಾಠ ಹೇಳುವುದರಲ್ಲಿ ನನ್ನದು ಎತ್ತಿದ ಕೈ. ಕೈಯ ವಿಷಯದಲ್ಲಿ ಮನೆಯಲ್ಲಿ ನನ್ನ ಮಾನ ಹೋಗಿದ್ದರೂ, ನಾಲಿಗೆಯ ವಿಷಯದಲ್ಲಿ ನಾನೇ ಮುಂದು. ಉಮ್ಮನಿಗೂ ಆ ಮಗುವಿಗೂ ನಡುವೆ ನಾನು ಕೂರುತ್ತೇನೆ, ನಾನಿಲ್ಲದೆ ಇಬ್ಬರಿಗೂ ದಿನ ಸಾಗುವುದಿಲ್ಲ ಎಂದುಕೊಂಡು ಮಲಗಿದೆ.

ಮರುದಿನ ಬಂದವಳು ನನಗಿಂತ ಎರಡು ವರ್ಷ ಚಿಕ್ಕವಳು. ಮೂಗಿನ ತುಂಬ ಕಂದು ಚುಕ್ಕೆ, ಕೆಂಚು ಕೂದಲು, ಮುಂದಿನ ಹಲ್ಲು ಬಿದ್ದ ಬಾಯಿ. ಬಾಗಿಲಲ್ಲೇ ನಿಂತು ನನ್ನತ್ತ ಕೈ ಚಾಚಿ ಹೇಳಿದಳು:

“ಗೀಸ್ ಯೆರ್ ಹಾನ್.”

ನನಗೆ ತಲೆಬುಡ ತಿಳಿಯಲಿಲ್ಲ. ನಿನ್ನ ಕೈ ಕೊಡು ಎನ್ನುತ್ತಿದ್ದಾಳೆಂದು ಗೊತ್ತಾದದ್ದು, ನನ್ನ ಹಿಂದಿನಿಂದ ಉಮ್ಮ ಬಂದು ಸುಮ್ಮನೆ ಅವಳ ಕೈ ಹಿಡಿದು ಒಳಗೆ ಕರೆದುಕೊಂಡಾಗ. ಕೈ ಚಾಚಿದ ಮಗುವಿಗೆ ಕೈ ಕೊಡಲು ಉಮ್ಮನಿಗೆ ಯಾವ ಪದ್ಯವೂ ಬೇಕಾಗಿರಲಿಲ್ಲ. ನಾನು ಹಿಂದೆಯೇ ಹೋಗಿ ಸರಿಪಡಿಸಲು ನೋಡಿದೆ. ಹಾನ್ ಅಲ್ಲ, ಹ್ಯಾಂಡ್. ಐಲಾ ನನ್ನನ್ನು ಒಂದು ಗಳಿಗೆ ನೋಡಿ, ನನಗೆ ಕಿವಿ ಕೇಳಿಸುವುದಿಲ್ಲವೇನೋ ಎಂಬಂತೆ ಇನ್ನೂ ಗಟ್ಟಿಯಾಗಿ “ಹಾನ್!” ಎಂದಳು. ಸಂಜೆ ಅಬ್ಬ ಬಂದಾಗ ನಾನು ವರದಿ ಒಪ್ಪಿಸಿದೆ.

“ಆ ಹುಡುಗಿಗೆ ಇಂಗ್ಲಿಷ್ ಬರುದಿಲ್ಲ ಅಬ್ಬ.”

ಅಬ್ಬ ನಕ್ಕ ನಗುವಿಗೆ ಕೆಳಗಿನ ಮನೆಯ ಪಾಕಿಸ್ತಾನಿ ಅಜ್ಜ ಬಾಗಿಲು ತೆರೆದು ನೋಡಿದರು.

ಆಮೇಲೆ ಆದದ್ದೇ ಬೇರೆ. ಉಮ್ಮನಿಗೂ ಐಲಾಳಿಗೂ ನಾನು ಬೇಕಾಗಲೇ ಇಲ್ಲ. ನಾನು ಶಾಲೆಗೆ ಹೋದ ಹೊತ್ತಿನಲ್ಲಿ ಅಡುಗೆಮನೆಯ ನೆಲದ ಮೇಲೆ ಕೂತು ತಮ್ಮ ನಾಲ್ಕು ಕೈಗಳಿಂದಲೇ ಒಂದು ಭಾಷೆ ಕಟ್ಟಿಕೊಂಡಿದ್ದರು. ಉಮ್ಮ ಅಂಗೈ ತೋರಿಸಿದರೆ ಐಲಾ ‘ಲೂಫ್’ ಎನ್ನುವಳು. ಮುಷ್ಟಿ ಕಟ್ಟಿದರೆ ‘ನೀವ್’. ಹೆಬ್ಬೆರಳು ‘ಥೂಮ್’. ಕಂಕುಳಲ್ಲಿ ಕಚಗುಳಿ ಇಟ್ಟರೆ ‘ಆಕ್ಸ್ಟರ್, ಆಕ್ಸ್ಟರ್’ ಎಂದು ಉರುಳಾಡಿ ನಗುವಳು. ಒಂದೊಂದಕ್ಕೂ ಉಮ್ಮ ನಮ್ಮ ಮಾತನ್ನು ಹೇಳಿಕೊಡುವಳು. ಈ ಪದಗಳು ನನ್ನ ಪಠ್ಯಪುಸ್ತಕದಲ್ಲಿರಲಿಲ್ಲ, ಟೀಚರ್ ಬಾಯಲ್ಲೂ ಇರಲಿಲ್ಲ. ಮೋರಗ್ ಸಿಸ್ಟರನ್ನು ಅಬ್ಬ ಕೇಳಿದಾಗ ಅವರು ನಾಚಿಕೊಂಡು, ಇದು ನಮ್ಮ ಮನೆಯ ಮಾತು, ನನ್ನ ತಾಯಿ ಹತ್ತಿರ ಬೆಳೆದ ಮಗು ಅದು, ಕೆಲಸದ ಕಡೆ ನಾವು ಹೀಗೆ ಮಾತಾಡುವುದಿಲ್ಲ ಎಂದರಂತೆ. ಉಮ್ಮ ಅದಕ್ಕೆ ತಲೆಯಾಡಿಸಿದಳು. ಮನೆಗೊಂದು ಮಾತು, ಹೊರಗೊಂದು ಮಾತು ಎನ್ನುವುದು ಅವಳಿಗೆ ಹೊಸದಾಗಿರಲಿಲ್ಲ.

ಐಲಾ ಅಕ್ಕಿಯ ಚೀಲದ ಮುಂದೆ ನಿಂತ ಮೊದಲ ಬೆಳಿಗ್ಗೆಯಂತೂ ನನಗೆ ಚೆನ್ನಾಗಿ ನೆನಪಿದೆ. ಅಂದು ಶಾಲೆಗೆ ರಜೆ. ನಾವೆಲ್ಲ ಹಾಕಿದ ಮೇಲೆ ಉಮ್ಮ ಐಲಾಳನ್ನು ಕರೆದಳು. ಅವಳು ಕೈಗಳನ್ನು ಜೋಡಿಸಿ, ಅಕ್ಕಿ ತುಂಬಿಕೊಂಡು, ಕಣ್ಣರಳಿಸಿ ಕೂಗಿದಳು:

“ಗೌಪನ್!”

“ಬೊಗಸೆ,” ಎಂದಳು ಉಮ್ಮ.

“ಗೌಪನ್!”

“ಹೌದು ಮಾರಾಯ್ತಿ, ಅದೇ. ಬೊಗಸೆ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನಾನು ನನ್ನ ತಲೆಯೊಳಗಿನ ಇಂಗ್ಲಿಷನ್ನೆಲ್ಲ ತಡಕಾಡಿದೆ. ಎರಡು ಕೈ ಸೇರಿದ ಈ ಒಂದು ವಸ್ತುವಿಗೆ ಅಲ್ಲಿ ಹೆಸರು ಸಿಗಲಿಲ್ಲ. ಅವಳ ಸಣ್ಣ ಕೈಗಳ ನಡುವಿನಿಂದ ಅಕ್ಕಿ ಸೋರುತ್ತಿತ್ತು. ಉಮ್ಮ ಅವಳ ಎರಡು ಕಿರುಬೆರಳುಗಳನ್ನು ಹಿಡಿದು ಒಂದಕ್ಕೊಂದು ಒತ್ತಿ, ಇವು ಸೇರಿದರೆ ಒಂದು ಕಾಳೂ ಬೀಳುವುದಿಲ್ಲ ಎಂದು ತೋರಿಸಿಕೊಟ್ಟಳು. ಐಲಾ ಆ ಬೆರಳನ್ನು ಆಡಿಸಿ ‘ಕ್ರ್ಯಾನಿ’ ಎಂದಳು. ಅಂದಿನಿಂದ ಉಮ್ಮನ ಬಾಯಲ್ಲಿ ಕಿರುಬೆರಳು ಹೋಗಿ ಕ್ರ್ಯಾನಿ ಬಂದು ಕೂತಿತು. “ಮೈಮು, ಕ್ರ್ಯಾನಿಗೆ ಎಂತ ಆಯ್ತು, ಉಗುರು ಮುರಿದಿದೆ?” ಎಂದು ನನ್ನನ್ನೇ ಕೇಳುವಳು. ನಾನು ಬೆರಳು ಮಡಚಿಕೊಳ್ಳುತ್ತಿದ್ದೆ. ನನ್ನ ಬೆರಳಿಗೆ ನನ್ನ ಮನೆಯಲ್ಲಿ ಅವಳ ಹೆಸರೇ?

ಇಷ್ಟಾಗಿದ್ದರೆ ನುಂಗಿಕೊಳ್ಳಬಹುದಿತ್ತು. ಆದರೆ ಐಲಾ ಕೂಡ ಎಡಚಿ. ಮೊದಲ ದಿನ ಮಧ್ಯಾಹ್ನ ಉಮ್ಮನ ತುತ್ತಿಗೆ ಕಾಯುವ ತಾಳ್ಮೆ ಇಲ್ಲದೆ ಅವಳು ಎಡಗೈಯನ್ನೇ ತಟ್ಟೆಗೆ ಹಾಕಿದಳು. ನಾನು ನನ್ನ ಎಡಗೈಯ ಮೇಲೆ ಕೂತುಕೊಂಡು, ಉಮ್ಮ ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದೆ. ಸತ್ಯವಾಗಿ ಹೇಳಬೇಕೆಂದರೆ ಆಸೆಯಿಂದ ಕಾದೆ. ಉಮ್ಮ ಹೇಳಲಿಲ್ಲ. ಆ ಕೈ ಅನ್ನವನ್ನು ಗುಂಡಗೆ ಮಾಡಿ, ಒಂದು ಅಗಳೂ ಚೆಲ್ಲದೆ ಬಾಯಿಗೆ ಸೇರಿಸುವುದನ್ನು ನೋಡುತ್ತ ಕೂತುಬಿಟ್ಟಳು. ಅವಳ ಮುಖದಲ್ಲಿ ನಾನು ಯಾವತ್ತೂ ಕಾಣದ ಒಂದು ನಗು ಇತ್ತು.

ಐಲಾ ತನ್ನನ್ನು ‘ಕೋರಿಫಿಸ್ಟೆಡ್’, ಅಂದರೆ ಎಡಚಿ, ಎಂದು ಕರೆದುಕೊಳ್ಳುತ್ತಿದ್ದಳು. ಅವಳ ಅಜ್ಜಿ ಹಾಗೆ ಕರೆಯುತ್ತಿದ್ದಳಂತೆ. ತುಳು ಅರೆಬರೆ ಬಲ್ಲ ಹನೀಫ ಅದರ ಮೊದಲ ತುಂಡಾದ ‘ಕೋರಿ’ಯನ್ನು ಹಿಡಿದು, ತುಳುವಿನಲ್ಲಿ ಕೋರಿ ಎಂದರೆ ಕೋಳಿಯಲ್ಲ, ಕೋಳಿಯ ಹಾಗೆ ಕೊಕ್ಕೊಕ್ಕೋ ಎಂದು ಕೂಗುತ್ತ ಅವಳ ಹಿಂದೆ ಓಡುವನು, ಅವಳೂ ರೆಕ್ಕೆ ಬಡಿಯುತ್ತ ಓಡುವಳು. ಅವಳಿಗೆ ಎಡಚಿ ಎನ್ನುವುದು ಆಟವಾಗಿತ್ತು. ಒಂದು ದಿನ ನನ್ನ ಬಲಗೈಯಿಂದ ಗಾಜಿನ ಲೋಟ ಜಾರಿ ಒಡೆದಾಗ ಅವಳು ನನ್ನನ್ನು ‘ಹಾನ್ಲೆಸ್’ ಎಂದಳು. ಕೈಲಾಗದವಳು ಎನ್ನುವ ಅರ್ಥದ್ದು, ಅವರ ಮನೆಯಲ್ಲಿ ಮಕ್ಕಳಿಗೆ ದಿನಾ ಹೇಳುವ ಮಾತಂತೆ, ಬೈಗುಳವೂ ಅಲ್ಲವಂತೆ. ನನಗೆ ಮಾತ್ರ ಅದು ಚುಚ್ಚಿತು. ಎಡಗೈಯಲ್ಲಿ ಹಿಡಿದಿದ್ದರೆ ಲೋಟ ಬೀಳುತ್ತಿರಲಿಲ್ಲ. ಅಂದೇ ನಾನು ಉಮ್ಮನ ಮುಂದೆ ನಿಂತು ಕೇಳಿದೆ.

“ಅವಳಿಗೆ ಯಾಕೆ ಹೇಳುದಿಲ್ಲ ನೀನು, ಅದಲ್ಲ ಇನ್ನೊಂದು ಅಂತ?”

“ಅವಳು ಇನ್ನೊಬ್ಬರ ಮಗು. ನಾಳೆ ಅವಳ ಊರಿಗೆ ಹೋಗ್ತಾಳೆ. ಅಲ್ಲಿ ಎಡ ಬಲ ಯಾರು ಕೇಳ್ತಾರೆ?”

“ನನ್ನನ್ನು ಯಾರು ಕೇಳ್ತಾರೆ?”

“ನೀನು ನಾಲ್ಕು ಜನರ ಜೊತೆ ಒಂದೇ ತಳಿಗೆಯಲ್ಲಿ ಉಣ್ಣುವವಳು. ಮದುವೆಮನೆಯಲ್ಲಿ ನಿನ್ನ ಕೈ ನೋಡಿ ಒಬ್ಬಳು ಎದ್ದು ಹೋದ್ರೆ ಎಂತ ಮಾಡ್ತಿ? ನನ್ನ ಮಗಳು ನೀನು, ಅದಕ್ಕೇ ಹೇಳುದು.”

ಇದು ನನಗೆ ಯಾವ ನ್ಯಾಯವೆಂದು ತಿಳಿಯಲಿಲ್ಲ. ಬೈಗುಳ ನನ್ನ ಪಾಲಿಗೆ, ನಗು ಅವಳ ಪಾಲಿಗೆ, ಮಗಳು ಮಾತ್ರ ನಾನು! ಐಲಾ ಬಂದ ಸ್ವಲ್ಪ ಕಾಲಕ್ಕೇ ಉಮ್ಮನನ್ನು ಉಮ್ಮ ಎಂದೇ ಕರೆಯತೊಡಗಿದ್ದಳು. ಅದಕ್ಕೂ ಯಾರೂ ತಕರಾರು ಮಾಡಲಿಲ್ಲ. ಈದ್ ಹಿಂದಿನ ಸಂಜೆ ಮದರಂಗಿ ಹಾಕುವಾಗಲೂ ಹಾಗೆಯೇ ಆಯಿತು. ಐಲಾ ಎಡಗೈ ಕೊಟ್ಟಳು. ಉಮ್ಮ ಅದರ ಅಂಗೈ ತುಂಬ ಹೂ ಬರೆದು, ಲೂಫ್ ಕೆಂಪಾಗುತ್ತದೆ ನೋಡು ಎಂದು ಮುದ್ದು ಮಾಡಿದಳು. ನಾನೂ ಎಡಗೈ ಚಾಚಿದೆ. ಉಮ್ಮ ತಲೆ ಎತ್ತಲೂ ಇಲ್ಲ.

“ಅದಲ್ಲ, ಇನ್ನೊಂದು ಮೊದಲು.”

ಯಾವ ಕೈಗೂ ಬೇಡ ಎಂದು ಎದ್ದುಹೋಗಿ, ಆ ಹಬ್ಬವನ್ನು ಬೋಳು ಕೈಯಲ್ಲಿ ಕಳೆದೆ.

ಮೀನಿನ ದಿನ ಬಂದದ್ದು ಅದಾದ ಮೇಲೆ. ಪರೀಕ್ಷೆಯ ಸಮಯವಾದ್ದರಿಂದ ಶಾಲೆಯಿಂದ ಬೇಗ ಬಂದಿದ್ದೆ. ಹೊರಗೆ ಧೂಳು ಎದ್ದು ಬೀದಿಯೆಲ್ಲ ಹಳದಿಯಾಗಿತ್ತು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಚಪ್ಪಲಿ ಕಳಚಿ ಸದ್ದಿಲ್ಲದೆ ಅಡುಗೆಮನೆಯ ಕಡೆ ಬಂದೆ. ಉಮ್ಮ ನನಗೆ ಬೆನ್ನು ಓರೆಯಾಗಿಸಿ ನೆಲದ ಮೇಲೆ ಕೂತು ಬಂಗುಡೆಯ ಹೊಟ್ಟೆ ಸೀಳಿ ಶುಚಿ ಮಾಡುತ್ತಿದ್ದಳು. ಎದುರಿಗೆ ಐಲಾ ಒಂದು ಚಮಚ ಹಿಡಿದು ಅವಳನ್ನೇ ಅನುಕರಿಸುತ್ತಿದ್ದಳು. ಚಮಚ ಐಲಾಳ ಎಡಗೈಯಲ್ಲಿತ್ತು. ಚೂರಿ ಉಮ್ಮನ ಎಡಗೈಯಲ್ಲಿತ್ತು.

ನಾನು ನಿಂತಲ್ಲೇ ನಿಂತೆ. ಆ ಕೈ ಓಡುತ್ತಿದ್ದ ಬಗೆ! ಉಮ್ಮನ ಬಲಗೈ ಮಾಡುವ ಕೆಲಸವನ್ನು ದಿನವೂ ನೋಡಿದವಳು ನಾನು. ಅದು ನಿಧಾನದ, ಎಚ್ಚರದ ಕೈ. ಈ ಕೈಗೆ ಯಾವ ಎಚ್ಚರವೂ ಬೇಕಿರಲಿಲ್ಲ. ಒಂದು ಗೀರು, ಒಂದು ತಿರುವು, ಮೀನು ಶುಚಿಯಾಗಿ ಆಚೆ. ನನ್ನ ನೆರಳು ಬಿದ್ದಿರಬೇಕು, ಉಮ್ಮ ತಿರುಗಿದಳು. ಚೂರಿ ಥಟ್ಟನೆ ಬಲಗೈಗೆ ಹೋಯಿತು. ಕದಿಯುವಾಗ ಸಿಕ್ಕಿಬಿದ್ದವರ ಹಾಗೆ ಅವಳ ಮುಖ ಕೆಂಪೇರಿತ್ತು. ಐಲಾಗೆ ಇದೆಲ್ಲ ಏನೂ ಗೊತ್ತಿಲ್ಲ. ಅವಳು ಚಮಚದಿಂದ ಉಮ್ಮನನ್ನು ತೋರಿಸಿ, ಅಷ್ಟು ದಿನಗಳಲ್ಲಿ ಅವಳ ಮಾತು ನನಗೂ ತಿಳಿಯುವಂತಾಗಿತ್ತಲ್ಲ, ಬಲು ಸಂತೋಷದಿಂದ ಹೇಳಿದಳು: ಇವಳೂ ಕೋರಿಫಿಸ್ಟೆಡ್. ನನ್ನ ಹಾಗೆಯೇ. ನಿನಗೆ ಗೊತ್ತಿರಲಿಲ್ಲವಾ?

ನನಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಆ ಕೈಗಳ ಕೆಳಗೇ ಇದ್ದವಳಿಗೆ ಗೊತ್ತಿರಲಿಲ್ಲ. ನಿನ್ನೆ ಮೊನ್ನೆ ಬಂದವಳಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಸುಟ್ಟದ್ದು ‘ನನ್ನ ಹಾಗೆಯೇ’ ಎಂಬ ಮಾತು. ಆ ಮಾತು ನನ್ನದು. ಉಮ್ಮನನ್ನು ತೋರಿಸಿ ಇವಳು ನನ್ನ ಹಾಗೆ ಎಂದು ಹೇಳುವ ಹಕ್ಕು ಲೋಕದಲ್ಲಿ ಯಾರಿಗಾದರೂ ಇದ್ದರೆ ಅದು ನನಗೆ. ಶಾಲೆಯ ಚೀಲವನ್ನು ನೆಲಕ್ಕೆ ಕುಕ್ಕಿ ಕಿರುಚಿದೆ.

“ನೀನೂ ಎಡಚಿ! ನನಗೆ ಹೇಳಲೇ ಇಲ್ಲ! ಅವಳಿಗೆ ತೋರಿಸಿದ್ದಿ!”

“ತೋರಿಸ್ಲಿಲ್ಲ. ಅವಳೇ ಕಂಡದ್ದು.”

“ನನ್ನ ಮುಂದೆ ಯಾಕೆ ಅಡಗಿಸಿದ್ದು?”

ಉಮ್ಮ ಮೀನಿನ ಕೈಯನ್ನು ನೀರಲ್ಲಿ ಅದ್ದಿ, ಬಹಳ ಹೊತ್ತು ತೊಳೆದಳು.

“ನನ್ನ ಉಮ್ಮ ಈ ಕೈಯನ್ನು ಬಟ್ಟೆಯಲ್ಲಿ ಸೊಂಟಕ್ಕೆ ಕಟ್ಟಿ ಉಣ್ಲಿಕ್ಕೆ ಕೂರಿಸ್ತಿದ್ರು. ನಾನು ನಿನಗೆ ಕಟ್ಟಿದ್ದೇನಾ? ಕಟ್ಟಲಿಲ್ಲ. ಅದರ ಮೇಲೆ ಕೂತ್ಕೋ ಅಂತ ಮಾತ್ರ ಹೇಳಿದ್ದು. ನೀನು ನನ್ನ ಕೈ ನೋಡಿ ಕಲಿತ್ರೆ ಮತ್ತೆ ಯಾರು ತಿದ್ದುದು?”

ಕಟ್ಟಲಿಲ್ಲ ಎನ್ನುವುದನ್ನು ಅವಳು ಕೊಡುಗೆಯಂತೆ ಹೇಳಿದಳು. ಅವಳ ಬಾಲ್ಯದ ಮುಂದೆ ಅದು ಕೊಡುಗೆಯೇ ಇರಬಹುದು. ಎಂಟು ವರ್ಷದ ನನಗೆ ಅದನ್ನು ತೂಗಿ ನೋಡುವ ಬುದ್ಧಿ ಎಲ್ಲಿಂದ ಬರಬೇಕು? ನನಗೆ ಕಂಡದ್ದು ಇಷ್ಟೇ: ನಾನು ಶಾಲೆಗೆ ಹೋದ ಮೇಲೆ ಈ ಮನೆಯಲ್ಲಿ ನನ್ನ ನಿಜವಾದ ಉಮ್ಮ ಹೊರಗೆ ಬರುತ್ತಾಳೆ, ಅವಳನ್ನು ಐಲಾ ಒಬ್ಬಳೇ ನೋಡುತ್ತಾಳೆ, ನಾನು ಬಂದೊಡನೆ ಅವಳು ಒಳಗೆ ಹೋಗಿಬಿಡುತ್ತಾಳೆ. ಅದಾದ ಮೇಲೆ ಎಷ್ಟೋ ದಿನ ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದ್ದೇನೆ. ಉಮ್ಮ ಮತ್ತೆ ಸಿಕ್ಕಿಬೀಳಲಿಲ್ಲ.

ಮೋರಗ್ ಸಿಸ್ಟರ್‌ನ ಕರಾರು ಮುಗಿದು ಅವರು ಊರಿಗೆ ಹೊರಟ ದಿನ ನಾನು ಬೇಗ ಎದ್ದು, ಹೇಳಿಸಿಕೊಳ್ಳದೆ ಹಲ್ಲುಜ್ಜಿದೆ. ಅಷ್ಟು ಉಲ್ಲಾಸ. ಅವರ ವಿಮಾನ ಮಧ್ಯಾಹ್ನಕ್ಕೆ. ಸಿಸ್ಟರ್ ಮಗಳನ್ನು ಕಡೆಯದಾಗಿ ಕರೆತಂದರು, ಉಮ್ಮನ ಎರಡೂ ಕೈಗಳನ್ನು ಹಿಡಿದುಕೊಂಡು ಏನೇನೋ ಹೇಳಿ ಅತ್ತರು. ಉಮ್ಮ ಅಕ್ಕಿಯ ಚೀಲದ ಬಳಿ ಕೂತಿದ್ದಳು. ನಾವು ಬೊಗಸೆ ಹಾಕಿದ್ದು ಕಂಡು ಐಲಾ ಓಡಿಬಂದು ಅಭ್ಯಾಸದಂತೆ ತನ್ನದನ್ನೂ ತುಂಬಿದಳು. ಕಿರುಬೆರಳುಗಳು ಸರಿಯಾಗಿ ಸೇರಿದ್ದವು. ಒಂದು ಕಾಳೂ ಬೀಳಲಿಲ್ಲ.

“ಅವಳು ಊಟಕ್ಕೆ ಇರುದಿಲ್ಲ ಉಮ್ಮ,” ಎಂದೆ ನಾನು.

“ಹಾಕ್ಲಿ ಬಿಡು.”

ಆ ಮಧ್ಯಾಹ್ನ ಪಾತ್ರೆಯಲ್ಲಿ ಒಬ್ಬರ ಅನ್ನ ಹೆಚ್ಚಿತ್ತು. ನಾನು ಎಡಗೈಯ ಮೇಲೆ ಕೂತು ನನ್ನ ತಟ್ಟೆ ಮುಗಿಸಿದೆ. ಉಮ್ಮ ಆ ಉಳಿದ ಅನ್ನವನ್ನು ದೊಡ್ಡ ತಟ್ಟೆಗೆ ಹಾಕಿ, ಸಾರು ಕಲಸಿ, ಐಲಾ ಕೂರುತ್ತಿದ್ದ ಜಾಗದ ಕಡೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ತುತ್ತು ಎತ್ತಿದಳು.

“ಬಾ. ಬಾಯಿ ತೆಗಿ.”

ಒಂದು ವರ್ಷದಿಂದ ನಾನು ಕಾದದ್ದು ಇದಕ್ಕೇ. ಹೊಟ್ಟೆ ತುಂಬಿತ್ತು, ಆದರೂ ಬಾಯಿ ತೆರೆದೆ. ಹುಣಸೆ, ಮೆಂತ್ಯ, ಉಮ್ಮನ ಬೆರಳು, ಎಲ್ಲ ಮೊದಲಿನ ಹಾಗೆಯೇ ಇತ್ತು. ತಿನ್ನುತ್ತಿರುವುದು ಐಲಾಳ ಬೊಗಸೆಯ ಅನ್ನ ಎನ್ನುವುದು ಮಾತ್ರ ಪ್ರತಿ ತುತ್ತಿಗೂ ನೆನಪಾಗುತ್ತಿತ್ತು. ಅವಳಿಗೆಂದು ಬೆಂದದ್ದು, ಅವಳಿಗೆಂದು ಕಲಸಿದ್ದು, ಅವಳಿಲ್ಲವೆಂದು ನನಗೆ. ಒಂದು ಅಗಳೂ ಬಿಡದೆ ತಿಂದೆ. ಉಮ್ಮನ ಕಣ್ಣಿಂದ ನೀರು ಇಳಿಯುತ್ತಿತ್ತು. ಅದು ಯಾರಿಗಾಗಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಬಲಗೈ ಕಾಲಕ್ರಮದಲ್ಲಿ ಪಳಗಿತು. ನಾಲ್ಕು ಜನರ ಜೊತೆ ಒಂದೇ ತಳಿಗೆಯಲ್ಲಿ ಉಂಡೆ, ಮದುವೆಮನೆಗಳಲ್ಲಿ ಯಾರೂ ಎದ್ದುಹೋಗಲಿಲ್ಲ. ಉಮ್ಮನ ಲೆಕ್ಕ ತಪ್ಪಿರಲಿಲ್ಲ. ಮದುವೆಯಾಗಿ ನಾನು ಮತ್ತೆ ಇದೇ ರಿಯಾದಿಗೆ ಬಂದೆ. ಒಲಾಯಾ ಬಡಾವಣೆಯ ಕಚೇರಿಯೊಂದರಲ್ಲಿ ಕೆಲಸ, ಈಗ ಮನೆಯ ಹತ್ತಿರದಿಂದಲೇ ಮೆಟ್ರೋ. ಅಬ್ಬ ತೀರಿಕೊಂಡ ಮೇಲೆ ಉಮ್ಮ ಅರ್ಧ ಕಾಲ ಊರಿನಲ್ಲಿ ಹನೀಫನ ಜೊತೆ, ಅರ್ಧ ಕಾಲ ನನ್ನ ಜೊತೆ. ಈ ಸಲ ಬಂದವಳು ಸ್ನಾನದ ಕೋಣೆಯಲ್ಲಿ ಜಾರಿ ಬಲ ಮಣಿಕಟ್ಟು ಮುರಿದುಕೊಂಡಳು. ಬೆರಳ ತುದಿಯವರೆಗೂ ಪ್ಲಾಸ್ಟರ್. ಎಡಗೈಯಲ್ಲಿ ಉಣ್ಣಬಹುದು, ಇಂಥ ಹೊತ್ತಿನಲ್ಲಿ ದೋಷವಿಲ್ಲ ಎಂದು ಮಸೀದಿಯ ಉಸ್ತಾದರೇ ಫೋನಿನಲ್ಲಿ ಹೇಳಿದರೂ ಅವಳು ಒಪ್ಪಲಿಲ್ಲ. ಹಾಗಾಗಿ ನಾನೇ ಕಲಸಿ ಬಾಯಿಗೆ ಕೊಡುತ್ತಿದ್ದೇನೆ. ಮೊನ್ನೆ ಶುಕ್ರವಾರ ಮಧ್ಯಾಹ್ನ ನಾಲ್ಕನೆಯದೋ ಐದನೆಯದೋ ತುತ್ತು ನುಂಗಿ ಅವಳು ಕೇಳಿದಳು.

“ಆ ಐಲಾ ಈಗ ಎಲ್ಲಿದ್ದಾಳೋ ಏನೋ, ಅಲ್ವಾ?”

ಐವತ್ತರ ಹತ್ತಿರ ಬಂದವಳು ನಾನು. ಆದರೂ ತುತ್ತು ಹಿಡಿದ ಕೈ ಅಲ್ಲೇ ನಿಂತಿತು. ಉಣ್ಣಿಸುತ್ತಿರುವವಳು ನಾನು, ನೆನಪಾಗುವವಳು ಅವಳು!

“ನನ್ನ ಕೈಯಿಂದ ಉಣ್ಣುವಾಗಲೂ ಅವಳದ್ದೇ ಚಿಂತೆಯಾ ನಿನಗೆ?”

ಉಮ್ಮ ನಗಲಿಲ್ಲ. ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿ ಸರಿಪಡಿಸಿಕೊಂಡಳು.

“ಅವಳು ಎಡಗೈಯಲ್ಲಿ ಉಣ್ಣುದು ನೋಡುವಾಗ ನನಗೆ ಹೊಟ್ಟೆ ತುಂಬ್ತಿತ್ತು ಮೈಮೂ. ನಿನಗೆ ಹಾಗೆ ಬಿಡ್ಲಿಕ್ಕೆ ನನಗೆ ಧೈರ್ಯ ಇರ್ಲಿಲ್ಲ.”

“ನನಗೂ ಹಸಿವಿತ್ತು ಉಮ್ಮ.”

ಅವಳು ಮುಂದಿನ ತುತ್ತಿಗೆ ಬಾಯಿ ತೆರೆದಳು, ನಾನು ಕೊಟ್ಟೆ.

ಮರುದಿನ ಬೆಳಿಗ್ಗೆ ನಾನು ಕುಕ್ಕರಿನ ಜೊತೆ ಬಂದ ಪ್ಲಾಸ್ಟಿಕ್ ಲೋಟದಲ್ಲಿ ಅಕ್ಕಿ ಅಳೆಯುತ್ತಿದ್ದೆ. ನನ್ನ ಮನೆಯಲ್ಲಿ ಈಗ ಹಾಗೆಯೇ. ಉಮ್ಮ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು ಅಕ್ಕಿಯ ಡಬ್ಬದ ಮುಂದೆ ಕೂತಳು.

“ನನ್ನ ಬೊಗಸೆ ಬಿದ್ದಿಲ್ಲ. ಕೈ ಕೊಡು ಒಮ್ಮೆ.”

ನಾನು ಅವಳ ಬಲಕ್ಕೆ ಕೂತು ಕೈ ಚಾಚಿದೆ. ಅಷ್ಟು ವರ್ಷ ಪಳಗಿಸಿದ್ದು ಎಲ್ಲಿ ಹೋಯಿತೋ, ಮುಂದೆ ಹೋದದ್ದು ಎಡಗೈ.

“ಅದಲ್ಲ, ಇನ್ನೊಂದು,” ಎಂದಳು ಉಮ್ಮ.

ನನ್ನೊಳಗೆ ಹಳೆಯದೆಲ್ಲ ಒಮ್ಮೆಗೇ ಭುಗಿಲೆದ್ದಿತು. ಇನ್ನೂ ಇದೇ ಮಾತೇ ಎಂದು ಕೇಳಲು ಬಾಯಿ ತೆರೆದವಳು ಡಬ್ಬದ ಕಡೆ ನೋಡಿದೆ. ಉಮ್ಮನ ಎಡಗೈ ಆಗಲೇ ಅಕ್ಕಿಯೊಳಗೆ ಇಳಿದು, ಅಂಗೈ ಮೇಲೆ ಮಾಡಿ ಕಾಯುತ್ತಿತ್ತು. ನನ್ನ ಮುಂದೆಯೇ, ಅಡಗಿಸದೆ. ಅದರ ಜೊತೆಗೆ ಬೇಕಾಗಿದ್ದದ್ದು ಒಂದು ಬಲಗೈ. ಅವಳೇ ತಿದ್ದಿ ತೀಡಿ ಮಾಡಿದ ನನ್ನ ಬಲಗೈಯನ್ನು ತಂದು ಅವಳ ಎಡಗೈಯ ಪಕ್ಕಕ್ಕೆ ಜೋಡಿಸಿದೆ. ಇಬ್ಬರೂ ಸೇರಿ ಅಕ್ಕಿ ಎತ್ತಿದೆವು. ನಡುವಿನಿಂದ ಕಾಳು ಸೋರತೊಡಗಿತು.

“ಕ್ರ್ಯಾನಿ ಸರಿಯಾಗಿ ಸೇರ್ಸು ಮಾರಾಯ್ತಿ, ಬೀಳ್ತದೆ.”

ಆ ಪದ ಈಗಲೂ ಐಲಾಳದೇ. ಆದರೂ ನನ್ನ ಕಿರುಬೆರಳನ್ನು ಅವಳ ಕಿರುಬೆರಳಿಗೆ ಒತ್ತಿ ಹಿಡಿದೆ, ಅಕ್ಕಿ ಬೀಳಲಿಲ್ಲ.